ದೂರದ ವಿಶ್ವವಿದ್ಯಾಲಯಕ್ಕೆ ಆಪ್ಟಿಕಲ್ ಸಂಶೋಧನಾ ಜಾಲ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಒಂದು ಪ್ರಾದೇಶಿಕ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನ ಕಲಿಸುತ್ತೇನೆ. ಹತ್ತಿರದ ದೊಡ್ಡ ನಗರ ನಮಗೆ 350 ಕಿಲೋಮೀಟರ್ ದೂರ. ಕ್ಯಾಂಪಸ್‌ಗೆ 1 ಗಿಗಾಬಿಟ್ ಲಿಂಕ್ ಇದೆ. ಆದರೂ ಜೀನೋಮ್ ಸೀಕ್ವೆನ್ಸಿಂಗ್‌ನ 4 ಟೆರಾಬೈಟ್ ಡೇಟಾವನ್ನು ಸೂಪರ್‌ಕಂಪ್ಯೂಟರ್ ಕೇಂದ್ರಕ್ಕೆ ಕಳಿಸಲು ಒಂಬತ್ತು ದಿನ ಹಿಡಿಯುತ್ತದೆ. ಆ ಕೇಂದ್ರ ದೇಶದ ಇನ್ನೊಂದು ತುದಿಯಲ್ಲಿದೆ. ಪಿಂಗ್ ಮಾಡಿದರೆ (ಒಂದು ಸಂದೇಶ ಹೋಗಿ ಉತ್ತರ ಬರುವ ಸಮಯ ಅಳೆದರೆ) 40 ಮಿಲಿಸೆಕೆಂಡ್ ತೋರಿಸುತ್ತದೆ. ಬೇಸತ್ತು ಹಾರ್ಡ್ ಡಿಸ್ಕ್‌ಗೆ ತುಂಬಿ ಕೊರಿಯರ್ ಮಾಡುತ್ತಿದ್ದೇವೆ. ದೊಡ್ಡ ನಗರಗಳ ವಿಶ್ವವಿದ್ಯಾಲಯಗಳಿಗೆ 100 ಗಿಗಾಬಿಟ್‌ನ ಆಪ್ಟಿಕಲ್ ಸಂಶೋಧನಾ ಜಾಲ ಸಿಕ್ಕಿದೆ. ಅದು ನಮ್ಮವರೆಗೆ ಬರಲು ಏನು ಮಾಡಬೇಕು? ನಾವೇ ಫೈಬರ್ ಹಾಕಿಸಬೇಕಾ, ಬಾಡಿಗೆಗೆ ತಗೊಳ್ಳಬೇಕಾ? ಇಷ್ಟು ಚಿಕ್ಕ ವಿಶ್ವವಿದ್ಯಾಲಯಕ್ಕೆ ಇದೆಲ್ಲಾ ಯಾಕೆ ಅಂತ ಆಡಳಿತದವರು ಕೇಳಿದರೆ ಏನು ಹೇಳಲಿ?

ಉತ್ತರ: ನೀವು ಕೊಟ್ಟ ಅಂಕಿಗಳಿಂದಲೇ ಶುರು ಮಾಡೋಣ. ಅವುಗಳಲ್ಲೇ ಅರ್ಧ ಉತ್ತರ ಇದೆ.

4 ಟೆರಾಬೈಟ್ ಅಂದರೆ 32 ಲಕ್ಷ ಕೋಟಿ ಬಿಟ್. ನಿಮ್ಮ ಲಿಂಕ್ ಸೆಕೆಂಡಿಗೆ 100 ಕೋಟಿ ಬಿಟ್ ಸಾಗಿಸಬಲ್ಲದು. ಭಾಗಿಸಿದರೆ 32,000 ಸೆಕೆಂಡ್, ಅಂದರೆ ಒಂಬತ್ತು ಗಂಟೆಗೂ ಸ್ವಲ್ಪ ಕಡಿಮೆ. ಸಂಜೆ ಹಾಕಿದರೆ ಬೆಳಿಗ್ಗೆ ಮುಗಿದಿರಬೇಕು. ನಿಮಗೆ ಒಂಬತ್ತು ದಿನ ಆಗುತ್ತಿದೆ. ಅಂದರೆ ನಿಜವಾಗಿ ಸಿಗುತ್ತಿರುವ ವೇಗ ಸುಮಾರು 41 ಮೆಗಾಬಿಟ್. ಈಗಿರುವ ಲಿಂಕ್‌ನ ಇಪ್ಪತ್ತನೇ ಒಂದು ಭಾಗವೂ ನಿಮ್ಮ ಕೈಗೆ ಬರುತ್ತಿಲ್ಲ. ಈ ಸ್ಥಿತಿಯಲ್ಲಿ ನಾಳೆಯೇ 100 ಗಿಗಾಬಿಟ್ ಲಿಂಕ್ ಬಂದರೂ ನಿಮ್ಮ ಫೈಲ್ ಹೆಚ್ಚುಕಡಿಮೆ ಇದೇ ವೇಗದಲ್ಲಿ ಹೋಗುವ ಸಾಧ್ಯತೆ ಜಾಸ್ತಿ. ಫೈಬರ್ ಬೇಡ ಅಂತ ನಾನು ಹೇಳುತ್ತಿಲ್ಲ. ಖಂಡಿತ ಬೇಕು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಕಾಯಿಲೆ ಎಲ್ಲಿದೆ ಅಂತ ಮೊದಲು ಗೊತ್ತಾಗಬೇಕು.

ನನ್ನ ಅನುಮಾನ ಪ್ಯಾಕೆಟ್ ನಷ್ಟದ ಮೇಲೆ. ಜಾಲದಲ್ಲಿ ಡೇಟಾ ಹೋಗುವುದು ಪ್ಯಾಕೆಟ್ ಅನ್ನುವ ಸಣ್ಣ ತುಂಡುಗಳಾಗಿ. ಇಂಟರ್‌ನೆಟ್‌ನಲ್ಲಿ ಫೈಲ್ ಸಾಗಿಸುವ ಟಿಸಿಪಿ ಅನ್ನುವ ವಿಧಾನ, ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ‘ಮುಂದೆ ದಟ್ಟಣೆ ಇದೆ’ ಅಂತ ತಿಳಿದು ವೇಗ ಇಳಿಸುತ್ತದೆ. ಆಮೇಲೆ ನಿಧಾನಕ್ಕೆ ಏರಿಸುತ್ತದೆ. ಹಳೆಯ ಟಿಸಿಪಿಯಲ್ಲಿ ಈ ಏರಿಕೆ ನಡೆಯುವುದು ಪ್ಯಾಕೆಟ್ ಹೋಗಿ ಉತ್ತರ ಬರುವ ಸಮಯದ ಲೆಕ್ಕದಲ್ಲಿ. ಹತ್ತಿರದ ಊರಿಗೆ 2 ಮಿಲಿಸೆಕೆಂಡ್ ಸಾಕಾದರೆ ನಿಮಗೆ 40 ಬೇಕು. ಹಾಗಾಗಿ ಒಂದೇ ಪ್ರಮಾಣದ ನಷ್ಟ ಇದ್ದರೂ ದೂರದವರಿಗೆ ಬೀಳುವ ಪೆಟ್ಟು ಇಪ್ಪತ್ತು ಪಟ್ಟು. ಇದಕ್ಕೆ ಒಂದು ಹಳೆಯ, ಸರಳ ಲೆಕ್ಕ ಇದೆ. ಅದರ ಪ್ರಕಾರ ಹತ್ತು ಸಾವಿರಕ್ಕೆ ಒಂದು ಪ್ಯಾಕೆಟ್ ಕಳೆದುಹೋಗುವ ದಾರಿಯಲ್ಲಿ, 40 ಮಿಲಿಸೆಕೆಂಡ್ ದೂರಕ್ಕೆ, ಒಂದು ಟಿಸಿಪಿ ಹರಿವಿಗೆ ಸಿಗುವುದು ಸುಮಾರು 30ರಿಂದ 35 ಮೆಗಾಬಿಟ್. ನಿಮ್ಮ 41ಕ್ಕೆ ಎಷ್ಟು ಹತ್ತಿರ ನೋಡಿ. ಅದೇ ದಾರಿ, ಅದೇ ನಷ್ಟ, ಆದರೆ 2 ಮಿಲಿಸೆಕೆಂಡ್ ದೂರದಲ್ಲಿದ್ದರೆ 600 ಮೆಗಾಬಿಟ್‌ಗೂ ಜಾಸ್ತಿ ಸಿಗುತ್ತದೆ. ಅಲ್ಲಿರುವವರಿಗೆ ಜಾಲದಲ್ಲಿ ದೋಷ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಇವತ್ತಿನ ಕಂಪ್ಯೂಟರ್‌ಗಳಲ್ಲಿರುವ ಕ್ಯೂಬಿಕ್, ಬಿಬಿಆರ್ ಮುಂತಾದ ಹೊಸ ವಿಧಾನಗಳು ಈ ಪೆಟ್ಟನ್ನು ಸ್ವಲ್ಪ ತಗ್ಗಿಸುತ್ತವೆ. ಆದರೆ ದೂರ ಹೆಚ್ಚಿದಷ್ಟೂ ಜಾಲ ಸ್ವಚ್ಛವಾಗಿರಬೇಕು ಅನ್ನುವ ಮಾತು ಬದಲಾಗುವುದಿಲ್ಲ.

ಪ್ರಾದೇಶಿಕ ವಿಶ್ವವಿದ್ಯಾಲಯಗಳ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಈ ಅಂಶ ಬರುವುದೇ ಕಡಿಮೆ. ಎಲ್ಲರೂ ಗಿಗಾಬಿಟ್ ಎಷ್ಟು ಅಂತ ಕೇಳುತ್ತಾರೆ. ನಗರದ ಮಧ್ಯದಲ್ಲಿರುವ ವಿಶ್ವವಿದ್ಯಾಲಯ ಸಾಧಾರಣ ಜಾಲದಲ್ಲೂ ಹೇಗೋ ಕೆಲಸ ಸಾಗಿಸಿಬಿಡುತ್ತದೆ. ದೂರದಲ್ಲಿರುವವರಿಗೆ ಅದಕ್ಕಿಂತ ಉತ್ತಮ ಜಾಲ ಬೇಕು. ನಡೆಯುತ್ತಿರುವುದು ಇದರ ಉಲ್ಟಾ: ದೂರದವರಿಗೆ ಉಳಿದದ್ದು, ಕಳಪೆಯದ್ದು ಸಿಗುತ್ತದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ನಿಮ್ಮ ವಿದ್ಯಾರ್ಥಿಗಳು ಯಾರಿಗೂ ಕಡಿಮೆಯಿಲ್ಲ. ಡೇಟಾ ತಲುಪಲಿ ಅಂತ ಒಂಬತ್ತು ದಿನ ಕಾಯುವವರು, ಹದಿಮೂರು ನಿಮಿಷಕ್ಕೆ ಒಂದು ಟೆರಾಬೈಟ್ ಕಳಿಸುವವರ ಜೊತೆ ಸ್ಪರ್ಧೆ ಮಾಡಬೇಕಾಗಿದೆ.

ಹಾಗಾದರೆ ಪ್ಯಾಕೆಟ್ ಕಳೆದುಹೋಗುವುದು ಎಲ್ಲಿ? ಎಷ್ಟೋ ಸಲ ಕ್ಯಾಂಪಸ್ ಒಳಗೇ. ಮೊದಲು ಅನುಮಾನಪಡಬೇಕಾದ್ದು ಫೈರ್‌ವಾಲ್, ಅಂದರೆ ಒಳಗೆ ಹೊರಗೆ ಹೋಗುವ ಡೇಟಾವನ್ನು ತಪಾಸಣೆ ಮಾಡುವ ಕಾವಲು ಪೆಟ್ಟಿಗೆ. ಸಾವಿರಾರು ಜನ ಬ್ರೌಸ್ ಮಾಡುವ ಚಿಕ್ಕಚಿಕ್ಕ ಹರಿವುಗಳಿಗಾಗಿ ಅದನ್ನು ಮಾಡಿರುತ್ತಾರೆ. ಒಳಗೆ ಹಲವು ಸಣ್ಣ ಪ್ರೊಸೆಸರ್‌ಗಳು ಕೆಲಸ ಹಂಚಿಕೊಳ್ಳುತ್ತವೆ. ಟೆರಾಬೈಟ್ ಗಾತ್ರದ ಒಂದೇ ಹರಿವು ಬಂದಾಗ ಅದೆಲ್ಲಾ ಒಂದೇ ಪ್ರೊಸೆಸರ್ ಮೇಲೆ ಬೀಳುತ್ತದೆ, ಬಫರ್ (ಡೇಟಾ ಕಾಯುವ ತಾತ್ಕಾಲಿಕ ಜಾಗ) ತುಂಬುತ್ತದೆ, ಪ್ಯಾಕೆಟ್ ಉದುರುತ್ತವೆ. ಇನ್ನೊಂದು ಜಾಗ ಕಟ್ಟಡಗಳ ನಡುವಿನ ಅಗ್ಗದ ನೆಟ್‌ವರ್ಕ್ ಸ್ವಿಚ್‌ಗಳು. ಮತ್ತೊಂದು, ಧೂಳು ಕೂತ ಫೈಬರ್ ಕನೆಕ್ಟರ್. ಕೇಳಲು ಸಣ್ಣ ವಿಷಯ ಅನ್ನಿಸಬಹುದು. ಆದರೆ ಕಣ್ಣಿಗೆ ಕಾಣದ ಧೂಳಿನ ಕಣವೊಂದು ಲಿಂಕ್ ಕಡಿಯದೆ, ಸುಮ್ನೆ ಅದನ್ನು ಹಾಳು ಮಾಡುತ್ತಾ ತಿಂಗಳುಗಟ್ಟಲೆ ಕೂತಿರಬಲ್ಲದು.

ಅಮೆರಿಕದ ಇಂಧನ ಇಲಾಖೆಯ ಸಂಶೋಧನಾ ಜಾಲ ಇಎಸ್‌ನೆಟ್‌ನವರು ಇದಕ್ಕೆ ಒಂದು ಒಳ್ಳೆಯ ದಾರಿ ತೋರಿಸಿದರು. ಹೆಸರು ಸೈನ್ಸ್ ಡಿಎಂಜೆಡ್. ಕ್ಯಾಂಪಸ್ ಜಾಲದ ಅಂಚಿನಲ್ಲಿ, ಫೈರ್‌ವಾಲ್‌ನ ಹೊರಗೆ, ಡೇಟಾ ಸಾಗಿಸಲೆಂದೇ ಒಂದು ಸರ್ವರ್ ಇಡುವುದು. ಅದರಲ್ಲಿ ಇಮೇಲ್ ಇಲ್ಲ, ಬ್ರೌಸರ್ ಇಲ್ಲ, ಬೇರೆ ಯಾವ ಕೆಲಸವೂ ಇಲ್ಲ. ಭದ್ರತೆಗೆ ರೂಟರ್‌ನಲ್ಲೇ ಬಿಗಿಯಾದ ನಿಯಮ ಬರೆಯುವುದು: ಯಾವ ವಿಳಾಸದಿಂದ, ಯಾವ ಪೋರ್ಟ್‌ಗೆ ಮಾತ್ರ ಪ್ರವೇಶ ಅಂತ. 2013ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಉದಾಹರಣೆ ಇದೆ. ಕೆಟ್ಟುಹೋಗುತ್ತಿದ್ದ ರೂಟರ್ ಕಾರ್ಡ್ ಒಂದು 22,000 ಪ್ಯಾಕೆಟ್‌ಗೆ ಒಂದನ್ನು ಮಾತ್ರ ಬೀಳಿಸುತ್ತಿತ್ತು. ಅಷ್ಟಕ್ಕೇ 10 ಗಿಗಾಬಿಟ್ ದಾರಿಯಲ್ಲಿ ದೂರದ ವರ್ಗಾವಣೆಗಳು ನೆಲಕಚ್ಚಿದ್ದವು.

ಇಂಥದ್ದನ್ನು ಹಿಡಿಯಲು ಪರ್ಫ್‌ಸೋನಾರ್ ಅನ್ನುವ ಉಚಿತ ತಂತ್ರಾಂಶ ಇದೆ. ಇಎಸ್‌ನೆಟ್, ಯೂರೋಪಿನ ಜೀಯಾಂಟ್, ಅಮೆರಿಕದ ಇಂಟರ್‌ನೆಟ್2 ಮತ್ತು ಇಂಡಿಯಾನಾ ವಿಶ್ವವಿದ್ಯಾಲಯ ಸೇರಿ ಬೆಳೆಸಿದ್ದು. ಒಂದು ಸಾಧಾರಣ ಕಂಪ್ಯೂಟರ್‌ನಲ್ಲಿ ಹಾಕಿದರೆ ಸಾಕು. ಹಗಲುರಾತ್ರಿ ನಷ್ಟ, ವಿಳಂಬ, ವೇಗ ಮೂರನ್ನೂ ಅಳೆದು ಗ್ರಾಫ್ ಬರೆಯುತ್ತದೆ. ಒಂದನ್ನು ಕ್ಯಾಂಪಸ್ ಅಂಚಿನಲ್ಲಿ, ಇನ್ನೊಂದನ್ನು ನಿಮ್ಮ ಲ್ಯಾಬ್‌ನಲ್ಲಿ ಇಡಿ. ಅಂಚಿನಿಂದ ಹೊರಗೆ ಚೆನ್ನಾಗಿದ್ದು ಲ್ಯಾಬ್‌ನಿಂದ ಹಾಳಾಗಿದ್ದರೆ ದೋಷ ಮನೆಯೊಳಗೇ ಇದೆ. ಅಂಚಿನಿಂದಲೇ ಹಾಳಾಗಿದ್ದರೆ ಲಿಂಕ್ ಕೊಟ್ಟವರ ಮುಂದೆ ಇಡಲು ನಿಮ್ಮ ಕೈಯಲ್ಲಿ ಪುರಾವೆ ಇರುತ್ತದೆ. ಎರಡೂ ಕಡೆಯ ಕಂಪ್ಯೂಟರ್‌ಗಳಲ್ಲಿ ಟಿಸಿಪಿ ಬಫರ್ ಗಾತ್ರವನ್ನೂ ನೋಡಿ. 10 ಗಿಗಾಬಿಟ್ ವೇಗದಲ್ಲಿ 40 ಮಿಲಿಸೆಕೆಂಡ್ ದೂರಕ್ಕೆ ಯಾವ ಕ್ಷಣದಲ್ಲೂ 50 ಮೆಗಾಬೈಟ್ ದಾರಿಯಲ್ಲೇ ಇರಬೇಕು. ಬಫರ್ ಅದಕ್ಕಿಂತ ಚಿಕ್ಕದಿದ್ದರೆ ಫೈಬರ್ ಖಾಲಿ ಕೂತಿರುತ್ತದೆ. ಸುಮ್ನೆ ಎಸ್‌ಸಿಪಿಯಲ್ಲಿ (ಒಂದೇ ಹರಿವಿನಲ್ಲಿ ಫೈಲ್ ಕಳಿಸುವ ಸಾಮಾನ್ಯ ಸಾಧನ) ಕಾಪಿ ಮಾಡುವ ಬದಲು ಗ್ಲೋಬಸ್ ತರಹದ, ಹಲವು ಹರಿವುಗಳಲ್ಲಿ ಒಟ್ಟಿಗೆ ಕಳಿಸುವ ಸಾಧನ ಬಳಸಿ. ಇಷ್ಟು ಮಾಡಿದರೆ ಈಗಿನ ಲಿಂಕ್‌ನಲ್ಲೇ ಒಂಬತ್ತು ದಿನದ ಕೆಲಸ ಒಂದೆರಡು ದಿನಕ್ಕೆ ಇಳಿದರೆ ನನಗೆ ಆಶ್ಚರ್ಯ ಆಗುವುದಿಲ್ಲ.

ಈಗ ಫೈಬರ್ ಮಾತು.

ಬೆಳಕನ್ನು 350 ಕಿಲೋಮೀಟರ್ ಕಳಿಸುವುದು ಇವತ್ತು ಕಷ್ಟದ ವಿಷಯವೇ ಅಲ್ಲ. 1550 ನ್ಯಾನೋಮೀಟರ್ ತರಂಗದಲ್ಲಿ ಸಾಮಾನ್ಯ ಫೈಬರ್ ಪ್ರತಿ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ಕಳೆದುಕೊಳ್ಳುತ್ತದೆ. ನೂರು ಕಿಲೋಮೀಟರಿನಲ್ಲಿ 20 ಡೆಸಿಬೆಲ್, ಅಂದರೆ ನೂರರಲ್ಲಿ ಒಂದು ಪಾಲು ಬೆಳಕು ಉಳಿಯುತ್ತದೆ. ಹಾಗಾಗಿ 80–100 ಕಿಲೋಮೀಟರಿಗೊಂದು ಆಂಪ್ಲಿಫೈಯರ್ ಬೇಕು. 1987ರ ಸುಮಾರಿಗೆ ಎರ್ಬಿಯಂ ಬೆರೆಸಿದ ಫೈಬರ್ ಆಂಪ್ಲಿಫೈಯರ್ ಬರುವವರೆಗೆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸಿ, ಸರಿಪಡಿಸಿ, ಮತ್ತೆ ಬೆಳಕು ಮಾಡಬೇಕಿತ್ತು. ಈಗ ಬೆಳಕು ಬೆಳಕಾಗಿಯೇ ಬಲ ಪಡೆಯುತ್ತದೆ. ಒಂದೇ ಫೈಬರ್‌ನಲ್ಲಿ ಎಂಬತ್ತು, ತೊಂಬತ್ತಾರು ಬಣ್ಣಗಳ ಬೆಳಕು ಒಟ್ಟಿಗೆ ಹೋಗುತ್ತವೆ. ಒಂದೊಂದು ಬಣ್ಣ 100 ಗಿಗಾಬಿಟ್ ಹೊತ್ತರೂ ಒಂದು ಜೋಡಿ ಫೈಬರ್‌ನಲ್ಲಿ 9.6 ಟೆರಾಬಿಟ್ ಆಯಿತು. ನಿಮ್ಮ ಇಡೀ ಪ್ರಾಂತ್ಯಕ್ಕೆ ಸಾಕು.

ನಿಮ್ಮ 350 ಕಿಲೋಮೀಟರಿಗೆ ನಡುವೆ ಮೂರು ಆಂಪ್ಲಿಫೈಯರ್ ಕೊಠಡಿಗಳು ಬೇಕಾಗಬಹುದು. ತಲೆನೋವು ಅಲ್ಲಿದೆ. ಪ್ರತಿ ಕೊಠಡಿಗೂ ವಿದ್ಯುತ್ ಬೇಕು, ಬ್ಯಾಟರಿ, ಜನರೇಟರ್, ಎಸಿ ಬೇಕು, ಬೀಗ ಬೇಕು, ನಡುರಾತ್ರಿ ಹೋಗಿ ಬಾಗಿಲು ತೆಗೆಯುವ ಒಬ್ಬರು ಬೇಕು. ಇನ್ನು ಹೊಸದಾಗಿ ನೆಲ ಅಗೆದು ಫೈಬರ್ ಹಾಕುವುದಾದರೆ ಗಾಜಿನ ಎಳೆಯ ಖರ್ಚು ಒಟ್ಟು ಲೆಕ್ಕದಲ್ಲಿ ತೀರಾ ಚಿಕ್ಕದು. ಹಣ ಹೋಗುವುದು ಅಗೆಯುವುದಕ್ಕೆ, ಬಂಡೆ ಒಡೆಯುವುದಕ್ಕೆ, ನದಿ ಮತ್ತು ರೈಲು ಹಳಿ ದಾಟುವುದಕ್ಕೆ. ಸಮಯ ಹೋಗುವುದು ಅನುಮತಿಗಳಿಗೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಪೂರ್ತಿ ದಾರಿಗೆ ನೀವೇ ಫೈಬರ್ ಹಾಕಿಸಲು ಹೋಗಬೇಡಿ. ತಿಂಗಳ ಬಾಡಿಗೆಗೆ ವೇಗ ಕೊಳ್ಳುವುದರಲ್ಲೇ ಉಳಿಯಲೂ ಬೇಡಿ. ನೆಲದಲ್ಲಿ ಈಗಾಗಲೇ ಇರುವ ಫೈಬರ್ ಮೇಲೆ ದೀರ್ಘ ಕಾಲದ ಹಕ್ಕು ಪಡೆಯಿರಿ. ಅದನ್ನೂ ಒಬ್ಬರೇ ಮಾಡಬೇಡಿ.

ಬಾಡಿಗೆ ವೇಗದ ತೊಂದರೆ ಏನು? 1 ಗಿಗಾಬಿಟ್ ಇದ್ದದ್ದನ್ನು 10 ಮಾಡಬೇಕು ಅಂದರೆ ಹೊಸ ಮಾತುಕತೆ, ಹೊಸ ದರ. ಪೈಪೋಟಿ ಇಲ್ಲದ ದೂರದ ಊರಲ್ಲಿ ಆ ದರ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ ಅಲ್ವಾ. ಡಾರ್ಕ್ ಫೈಬರ್ ಲೆಕ್ಕ ಬೇರೆ. ಬೆಳಕು ಹಾಕದ ಖಾಲಿ ಎಳೆಗಳ ಬಳಕೆಯ ಹಕ್ಕನ್ನು 15 ಅಥವಾ 20 ವರ್ಷಕ್ಕೆ ಒಮ್ಮೆಲೇ ಹಣ ಕೊಟ್ಟು ತಗೊಳ್ಳುತ್ತೀರಿ. ಈ ವ್ಯವಹಾರದಲ್ಲಿರುವವರು ಇದನ್ನು ಐಆರ್‌ಯು ಅನ್ನುತ್ತಾರೆ. ನಿರ್ವಹಣೆಗೆ ವರ್ಷಕ್ಕಿಷ್ಟು ಅಂತ ಪ್ರತ್ಯೇಕ ಇರುತ್ತದೆ. ಆಮೇಲೆ ವೇಗ ಏರಿಸುವುದು ನಿಮ್ಮ ಕೈಯಲ್ಲಿದೆ. ಎರಡು ತುದಿಯ ಪೆಟ್ಟಿಗೆ ಬದಲಿಸಿದರೆ 10 ಹೋಗಿ 100, 100 ಹೋಗಿ 400 ಆಗುತ್ತದೆ. ಈ ಪೆಟ್ಟಿಗೆಗಳೂ ಚಿಕ್ಕದಾಗುತ್ತಿವೆ. 2020ರಲ್ಲಿ ಬಂದ 400ಝಡ್ಆರ್ ಮಾನದಂಡದಿಂದಾಗಿ 400 ಗಿಗಾಬಿಟ್‌ನ ಕೊಹೆರೆಂಟ್ ಆಪ್ಟಿಕ್ಸ್ (ದೂರಕ್ಕೆ ಬೆಳಕಿನ ಸಂಕೇತ ಕಳಿಸುವ, ಪಡೆಯುವ ಉಪಕರಣ) ರೂಟರ್‌ಗೇ ಸಿಕ್ಕಿಸುವ ಬೆರಳುದ್ದದ ಮಾಡ್ಯೂಲ್ ಆಗಿದೆ. ಸುಮಾರು 120 ಕಿಲೋಮೀಟರ್‌ವರೆಗಿನ ದೂರಕ್ಕೆ ಅದು ಸಾಕು. ಅದಕ್ಕಿಂತ ದೂರಕ್ಕೆ ಅದರದೇ ಬಲವಾದ ರೂಪಗಳಿವೆ.

ಪೂರ್ತಿ ಫೈಬರ್ ಸಿಗದಿದ್ದರೆ ನಡುವಿನ ದಾರಿಯೊಂದಿದೆ. ಬೇರೆಯವರು ಈಗಾಗಲೇ ಬೆಳಕು ಹಾಕಿ, ಆಂಪ್ಲಿಫೈಯರ್ ಕೂರಿಸಿ ನಡೆಸುತ್ತಿರುವ ಫೈಬರ್‌ನಲ್ಲಿ ಒಂದೆರಡು ಬಣ್ಣ ಅಥವಾ ವರ್ಣಪಟಲದ ಒಂದು ತುಂಡನ್ನು ಮಾತ್ರ ಪಡೆಯುವುದು. ಆ ಕೊಠಡಿಗಳ ಚಿಂತೆ ಅವರದು, ತುದಿಯ ಪೆಟ್ಟಿಗೆಗಳು ನಿಮ್ಮವು. ನಿಮ್ಮಂಥ ವಿಶ್ವವಿದ್ಯಾಲಯಕ್ಕೆ, ದೂರದ ಹಾದಿಗೆ ಇದು, ಕೊನೆಯ ಕೆಲವು ಕಿಲೋಮೀಟರಿಗೆ ಸ್ವಂತ ಫೈಬರ್. ಈ ಜೋಡಿಯೇ ಸರಿ ಅಂತ ನನ್ನ ಅಭಿಪ್ರಾಯ.

ಫೈಬರ್ ಯಾರ ಹತ್ತಿರ ಇದೆ ಅಂತ ಕೇಳಿದರೆ ಟೆಲಿಕಾಂ ಕಂಪನಿಗಳ ಕಡೆ ಮಾತ್ರ ನೋಡಬೇಡಿ. ಹೈ ಟೆನ್ಷನ್ ವಿದ್ಯುತ್ ಗೋಪುರಗಳ ತುತ್ತತುದಿಯಲ್ಲಿ ಸಿಡಿಲಿನಿಂದ ರಕ್ಷಿಸುವ ನೆಲತಂತಿ ಇರುತ್ತದೆ. ಅದರ ಹೊಟ್ಟೆಯೊಳಗೇ ಫೈಬರ್ ಎಳೆಗಳನ್ನು ಇಟ್ಟಿರುತ್ತಾರೆ. ಗ್ರಿಡ್ ನಿಯಂತ್ರಣಕ್ಕೆ ಅವರಿಗೆ ಕೆಲವೇ ಎಳೆ ಸಾಕು, ಉಳಿದವು ಖಾಲಿ ಇರುತ್ತವೆ. ಜೆಸಿಬಿ ಬಂದು ಕಡಿಯುವ ಭಯವೂ ಅಲ್ಲಿ ಇಲ್ಲ. ರೈಲ್ವೆ ಹಳಿ, ಗ್ಯಾಸ್ ಪೈಪ್‌ಲೈನ್, ಹೆದ್ದಾರಿ ಪಕ್ಕದಲ್ಲೂ ಇದೇ ತರಹ ಫೈಬರ್ ಇರುತ್ತದೆ. ಬ್ರೆಜಿಲ್‌ನ ಸಂಶೋಧನಾ ಜಾಲ ಆರ್‌ಎನ್‌ಪಿ, ಈಶಾನ್ಯ ಬ್ರೆಜಿಲ್‌ನ ಒಳನಾಡಿಗೆ ಜಾಲ ಒಯ್ಯಲು ಷೆಸ್ಫ್ ಅನ್ನುವ ವಿದ್ಯುತ್ ಕಂಪನಿಯ ಜೊತೆ ಕೈಜೋಡಿಸಿತು. ಅದೇ ದೇಶದ ಅಮೆಜಾನ್ ಕಾಡಿನ ಎಷ್ಟೋ ಕಡೆ ಗೋಪುರವೂ ಇಲ್ಲ, ರಸ್ತೆಯೂ ಇಲ್ಲ. ಅಲ್ಲಿ ನದಿಯ ತಳದಲ್ಲೇ ಕೇಬಲ್ ಹಾಕಿದರು. ದಾರಿ ಹುಡುಕುವ ಮನಸ್ಸಿದ್ದರೆ ಭೂಗೋಳ ಅಷ್ಟು ದೊಡ್ಡ ಅಡ್ಡಿಯಲ್ಲ.

ಒಬ್ಬರೇ ಮಾಡಬೇಡಿ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಬಹುತೇಕ ದೇಶಗಳಲ್ಲಿ ವಿಶ್ವವಿದ್ಯಾಲಯಗಳಿಗಾಗಿಯೇ ಒಂದು ರಾಷ್ಟ್ರೀಯ ಸಂಶೋಧನಾ ಮತ್ತು ಶಿಕ್ಷಣ ಜಾಲ ಇದೆ. ಬ್ರಿಟನ್‌ನ ಜ್ಯಾನೆಟ್ 1984ರಿಂದ ಇದೆ. ಆಸ್ಟ್ರೇಲಿಯಾದ ಆರ್ನೆಟ್ ಶುರುವಾದದ್ದು 1989ರಲ್ಲಿ. ಭಾರತದ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2010ರಲ್ಲಿ. ಮಾರುಕಟ್ಟೆಯಲ್ಲಿ ಒಂಟಿ ಗ್ರಾಹಕನಾಗಿ ನಿಂತರೆ ನಿಮ್ಮ ಮಾತಿಗೆ ತೂಕ ಇಲ್ಲ. ಹತ್ತಾರು ವಿಶ್ವವಿದ್ಯಾಲಯಗಳ ಪರವಾಗಿ ಒಂದೇ ಸಂಸ್ಥೆ ಮಾತಾಡಿದರೆ ತೂಕವೇ ಬೇರೆ. 2009ರಲ್ಲಿ ಆಫ್ರಿಕಾದ ಪೂರ್ವ ಕರಾವಳಿಗೆ ಸೀಕಾಮ್ ಸಮುದ್ರ ಕೇಬಲ್ ಬಂದಾಗ ದಕ್ಷಿಣ ಆಫ್ರಿಕಾದ ವಿಶ್ವವಿದ್ಯಾಲಯಗಳು ಟೆನೆಟ್ ಅನ್ನುವ ತಮ್ಮದೇ ಒಕ್ಕೂಟದ ಮೂಲಕ ಅದರಲ್ಲಿ ದೀರ್ಘಾವಧಿಯ ಪಾಲು ಪಡೆದವು. ಬಿಡಿಬಿಡಿಯಾಗಿ ಯಾರಿಗೂ ಅದು ಸಾಧ್ಯ ಆಗುತ್ತಿರಲಿಲ್ಲ. ಪೋಲೆಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ಪಿಯೋನಿಯರ್ ಜಾಲ 2000ರ ದಶಕದಲ್ಲಿ ಸ್ವಂತ ಫೈಬರನ್ನೇ ಹಾಕಿ 21 ನಗರಗಳ ಶೈಕ್ಷಣಿಕ ಜಾಲಗಳನ್ನು ಜೋಡಿಸಿತು. ರಾಜಧಾನಿಗೆ ಒಂದು, ಸಣ್ಣ ನಗರಕ್ಕೆ ಇನ್ನೊಂದು ಅನ್ನುವ ದರ್ಜೆ ಅಲ್ಲಿ ಉಳಿಯಲಿಲ್ಲ. ಅದನ್ನು ನಡೆಸುವುದೂ ರಾಜಧಾನಿ ವಾರ್ಸಾದಿಂದ ಅಲ್ಲ, ಪೋಜ್ನಾನ್‌ನಿಂದ.

ನಿಮ್ಮ ಊರಲ್ಲೂ ಜೊತೆಗಾರರು ಇರುತ್ತಾರೆ. ಆಸ್ಪತ್ರೆ, ಕೃಷಿ ಸಂಶೋಧನಾ ಕೇಂದ್ರ, ಪಾಲಿಟೆಕ್ನಿಕ್, ಶಾಲೆಗಳು, ಸ್ಥಳೀಯ ಆಡಳಿತ. ಕೆನಡಾದಲ್ಲಿ 1990ರ ದಶಕದ ಕೊನೆಯಲ್ಲಿ ಕ್ಯಾನರಿ ಸಂಸ್ಥೆ ಇದನ್ನೇ ಪ್ರಚಾರ ಮಾಡಿತು. ಒಂದೇ ಕೇಬಲ್, ಅದರೊಳಗೆ ಪ್ರತಿಯೊಬ್ಬರಿಗೂ ಅವರದೇ ಎಳೆಗಳು, ಅಗೆಯುವ ಖರ್ಚು ಎಲ್ಲರಿಗೂ ಹಂಚಿಕೆ. ಕ್ವಿಬೆಕ್‌ನ ಶಾಲಾ ಮಂಡಳಿಗಳು ಆ ದಾರಿಯಲ್ಲಿ ಮುಂದಿದ್ದವು. ರಸ್ತೆ ಅಗಲ ಮಾಡುವಾಗಲೋ ನೀರಿನ ಪೈಪ್ ಹಾಕುವಾಗಲೋ ನೆಲ ಹೇಗಿದ್ದರೂ ಅಗೆದಿರುತ್ತಾರೆ. ಆಗಲೇ ಫೈಬರ್ ಎಳೆಯಲು ಒಂದು ಖಾಲಿ ಡಕ್ಟ್ (ಕೊಳವೆ) ಹಾಕಿಬಿಡಿ ಅಂತ ಸಂಬಂಧಪಟ್ಟ ಇಲಾಖೆಯನ್ನು ಒಪ್ಪಿಸಿದರೆ ಮುಂದಿನ ದೊಡ್ಡ ಖರ್ಚೇ ಉಳಿಯಿತು. ಇದಕ್ಕೆ ದುಡ್ಡಿಗಿಂತ ಹೆಚ್ಚಾಗಿ ಬೇಕಾದ್ದು, ಯಾವ ಕಾಮಗಾರಿ ಯಾವಾಗ ಶುರು ಅಂತ ಮೊದಲೇ ತಿಳಿದಿರುವ ಒಬ್ಬರು.

ದೊಡ್ಡ ವಿಜ್ಞಾನ ಯೋಜನೆಯೊಂದು ಹತ್ತಿರ ಇದ್ದರಂತೂ ಅದನ್ನು ಬಿಡಲೇಬೇಡಿ. ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್ ಪ್ರದೇಶದಲ್ಲಿ ಜನವಸತಿ ತೀರಾ ಕಡಿಮೆ. ರೇಡಿಯೋ ದೂರದರ್ಶಕಗಳಿಗೆ ಆ ನಿಶ್ಶಬ್ದವೇ ಬೇಕಿತ್ತು. ಅಲ್ಲಿಂದ ಕರಾವಳಿಯ ಜೆರಾಲ್ಡ್‌ಟನ್ ಪಟ್ಟಣದವರೆಗೆ ಆ ದೇಶದ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒ ಮತ್ತು ಆರ್ನೆಟ್ ಫೈಬರ್ ತಂದವು. ಜೆರಾಲ್ಡ್‌ಟನ್‌ನಿಂದ ಪರ್ತ್‌ಗೆ, ಹಿಂದುಳಿದ ಪ್ರದೇಶಗಳಿಗೆ ಬೆನ್ನೆಲುಬು ಜಾಲ ಒದಗಿಸಲು 2009ರಲ್ಲಿ ಸರ್ಕಾರ ಶುರು ಮಾಡಿದ ಯೋಜನೆಯಡಿ ದಾರಿ ಆಯಿತು. ದೂರದರ್ಶಕದ ಡೇಟಾ ಪರ್ತ್‌ನ ಪಾಸಿ ಸೂಪರ್‌ಕಂಪ್ಯೂಟಿಂಗ್ ಕೇಂದ್ರಕ್ಕೆ ಹರಿಯಿತು. ಅದೇ ಹಾದಿಯ ಊರುಗಳಿಗೂ ಫೈಬರ್ ಸಿಕ್ಕಿತು.

ದರದ ಬಗ್ಗೆ ಒಂದು ಮಾತು. ಕಿಲೋಮೀಟರ್ ಲೆಕ್ಕದಲ್ಲಿ ದರ ಹಾಕಿದರೆ ನೀವು ಯಾವತ್ತೂ ಸೋಲುತ್ತೀರಿ. ದೂರ ಎಷ್ಟೇ ಇರಲಿ, ಒಂದೇ ಗಾತ್ರದ ಸಂಪರ್ಕಕ್ಕೆ ಒಂದೇ ದರ ಅನ್ನುವ ಪದ್ಧತಿಯನ್ನು ಹಲವು ಸಂಶೋಧನಾ ಜಾಲಗಳು ಒಪ್ಪಿಕೊಂಡಿವೆ. ಅಂದರೆ ತಮ್ಮ ಸಂಪರ್ಕಕ್ಕೆ ತಗಲುವ ನಿಜವಾದ ಖರ್ಚಿಗಿಂತ ನಗರದ ಸದಸ್ಯರು ಸ್ವಲ್ಪ ಜಾಸ್ತಿ ಕೊಡುತ್ತಾರೆ, ದೂರದವರು ಸ್ವಲ್ಪ ಕಡಿಮೆ. ಇದು ದಾನ ಅಲ್ಲ. ಜಾಲದ ಬೆಲೆ ಅದರಲ್ಲಿ ಯಾರ್ಯಾರು ಇದ್ದಾರೆ ಅನ್ನುವುದರ ಮೇಲೆ ನಿಂತಿದೆ. ನಿಮ್ಮ ಭಾಗದ ಕಾಡಿನ, ಮಣ್ಣಿನ, ರೋಗಗಳ ಡೇಟಾ ನಗರದ ಸಂಶೋಧಕರಿಗೂ ಬೇಕು. ನಿಮ್ಮ ರಾಷ್ಟ್ರೀಯ ಜಾಲದಲ್ಲಿ ಈ ಪದ್ಧತಿ ಇಲ್ಲದಿದ್ದರೆ ಉಳಿದ ಪ್ರಾದೇಶಿಕ ವಿಶ್ವವಿದ್ಯಾಲಯಗಳನ್ನು ಸೇರಿಸಿಕೊಂಡು ಗಟ್ಟಿಯಾಗಿ ಕೇಳಿ. ಎಲ್ಲಾ ಬೇಡಿಕೆಗಳಿಗಿಂತ ಇದು ಮುಖ್ಯ ಅಂತ ನಾನು ನಂಬುತ್ತೇನೆ.

ಆಡಳಿತದವರ ಪ್ರಶ್ನೆಗೆ ಬರೋಣ. ಅವರು ನಿಮಗೆ ಒಂದು ಗ್ರಾಫ್ ತೋರಿಸಬಹುದು. ಈಗಿನ ಲಿಂಕ್‌ನ ಸರಾಸರಿ ಬಳಕೆ ಶೇಕಡಾ ಹತ್ತು ಕೂಡ ಇಲ್ಲ, ಮತ್ತೆ ದೊಡ್ಡದು ಯಾಕೆ ಅನ್ನಬಹುದು. ಮೊದಲನೆಯದಾಗಿ, ಆ ಗ್ರಾಫ್ ಸಾಮಾನ್ಯವಾಗಿ ಐದು ನಿಮಿಷದ ಸರಾಸರಿ. ಒಂದೆರಡು ಸೆಕೆಂಡಿನ ದಟ್ಟಣೆ ಅದರಲ್ಲಿ ಕಾಣುವುದೇ ಇಲ್ಲ, ಆದರೆ ಪ್ಯಾಕೆಟ್ ಉದುರುವುದು ಆ ಸೆಕೆಂಡುಗಳಲ್ಲೇ. ಎರಡನೆಯದಾಗಿ, ಸಂಶೋಧನಾ ಜಾಲದಲ್ಲಿ ಜಾಗ ಖಾಲಿ ಇಟ್ಟುಕೊಳ್ಳುವುದು ಬೇಕಂತಲೇ ಮಾಡುವ ಕೆಲಸ. ಒಂದು ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ದಿನಕ್ಕೆ ಹಲವು ಟೆರಾಬೈಟ್ ಹುಟ್ಟಿಸಬಲ್ಲದು. ಅದು ಒಮ್ಮೆಲೇ ಹೊರಟಾಗ ಉಳಿದವರ ಆನ್‌ಲೈನ್ ತರಗತಿ ನಿಲ್ಲಬಾರದು. ಮೂರನೆಯದು ಎಲ್ಲಕ್ಕಿಂತ ಗಂಭೀರ. ಜಾಲ ಸರಿಯಿಲ್ಲದ ಕಡೆ ಜನ ದೊಡ್ಡ ಡೇಟಾದ ಕೆಲಸವನ್ನೇ ಕೈಬಿಟ್ಟಿರುತ್ತಾರೆ. ಕೊರಿಯರ್‌ನಲ್ಲಿ ಹೋದ ಹಾರ್ಡ್ ಡಿಸ್ಕ್, ಯಾರೂ ಹಾಕದೇ ಬಿಟ್ಟ ಸಂಶೋಧನಾ ಪ್ರಸ್ತಾವ, ಬೇರೆ ಊರಿಗೆ ಹೋದ ಯುವ ಪ್ರಾಧ್ಯಾಪಕಿ, ಇವು ಯಾವುವೂ ಬಳಕೆಯ ಗ್ರಾಫ್‌ನಲ್ಲಿ ಬರುವುದಿಲ್ಲ. ಆ ಪಟ್ಟಿಯನ್ನು ನೀವೇ ಮಾಡಿ ಅವರ ಮುಂದಿಡಿ. ವಿಭಾಗ ವಿಭಾಗಕ್ಕೆ ಹೋಗಿ ‘ಜಾಲ ಚೆನ್ನಾಗಿದ್ದರೆ ನೀವು ಏನು ಮಾಡುತ್ತಿದ್ದಿರಿ’ ಅಂತ ಕೇಳಿ ಬರೆದುಕೊಳ್ಳಿ.

ವಿಜ್ಞಾನ ವಿಭಾಗಗಳಿಗೆ ಮಾತ್ರ ಹೋಗಬೇಡಿ, ಸಂಗೀತ ವಿಭಾಗಕ್ಕೂ ಹೋಗಿ. ಇಟಲಿಯ ಟ್ರಿಯೆಸ್ತೆ ನಗರದ ತಾರ್ತೀನಿ ಸಂಗೀತ ಶಾಲೆ, ಆ ದೇಶದ ಸಂಶೋಧನಾ ಜಾಲ ಗಾರ್ ಜೊತೆ ಸೇರಿ ಲೋಲಾ ಅನ್ನುವ ವ್ಯವಸ್ಥೆ ಮಾಡಿದೆ. ಬೇರೆ ಬೇರೆ ನಗರಗಳಲ್ಲಿ ಕೂತ ಕಲಾವಿದರು ಅದರ ಮೂಲಕ ಒಟ್ಟಿಗೆ ನುಡಿಸುತ್ತಾರೆ. ಫೈಬರ್‌ನಲ್ಲಿ ಬೆಳಕು ಸಾವಿರ ಕಿಲೋಮೀಟರ್ ದಾಟಲು ಸುಮಾರು 5 ಮಿಲಿಸೆಕೆಂಡ್ ಸಾಕು. ನಡುವಿನ ಪೆಟ್ಟಿಗೆಗಳು ತಡ ಮಾಡದಿದ್ದರೆ ತಾಳ ತಪ್ಪುವುದಿಲ್ಲ. ಸಾಮಾನ್ಯ ಇಂಟರ್‌ನೆಟ್‌ನಲ್ಲಿ ಇದಕ್ಕೆ ಭರವಸೆ ಇಲ್ಲ. ಇನ್ನು ಎಡುರೋಮ್ ಇದ್ದೇ ಇದೆ. 2002ರ ಸುಮಾರಿಗೆ ಯೂರೋಪಿನಲ್ಲಿ ಹುಟ್ಟಿದ ಈ ಸೇವೆಯಿಂದ ನಿಮ್ಮ ವಿದ್ಯಾರ್ಥಿ ನೂರಕ್ಕೂ ಹೆಚ್ಚು ದೇಶಗಳ ಕ್ಯಾಂಪಸ್‌ಗಳಲ್ಲಿ ತನ್ನ ಪಾಸ್‌ವರ್ಡ್‌ನಿಂದಲೇ ವೈಫೈಗೆ ಸೇರಬಹುದು. ಆಡಳಿತದವರಿಗೆ ತಕ್ಷಣ ಕಣ್ಣಿಗೆ ಕಾಣುವ ಲಾಭ ಇದೇ.

ನಿಮಗೆ ಮೊದಲ ದಿನದಿಂದಲೇ 100 ಗಿಗಾಬಿಟ್ ಬೇಕಾ? ಬೇಡ ಅನ್ನಿಸುತ್ತದೆ. ಸ್ವಚ್ಛವಾದ 10 ಗಿಗಾಬಿಟ್ ಸಿಕ್ಕರೆ ನಿಮ್ಮ 4 ಟೆರಾಬೈಟ್ ಒಂದು ಗಂಟೆಯೊಳಗೆ ತಲುಪುತ್ತದೆ. 100 ಅನ್ನುವ ಅಂಕಿಯ ಹಿಂದೆ ಹೋಗುವ ಬದಲು, ಬೇಕಾದಾಗ ಅಲ್ಲಿಗೆ ಏರಬಹುದಾದ ಹಕ್ಕನ್ನು ಈಗಲೇ ಪಡೆದಿಡಿ.

ಎರಡನೇ ದಾರಿಗೆ ಮಾತ್ರ ಮೊದಲ ದಿನದಿಂದಲೇ ಹಟ ಹಿಡಿಯಿರಿ. 350 ಕಿಲೋಮೀಟರಿನ ಒಂಟಿ ಫೈಬರ್ ಎಂದಾದರೂ ಕಡಿದೇ ಕಡಿಯುತ್ತದೆ. ಎರಡು ಕಂಪನಿಗಳಿಂದ ಎರಡು ಲಿಂಕ್ ಕೊಂಡ ಮಾತ್ರಕ್ಕೆ ಎರಡು ದಾರಿ ಆಗುವುದಿಲ್ಲ. ಎರಡೂ ಒಂದೇ ಸೇತುವೆ ಮೇಲೆ, ಒಂದೇ ಡಕ್ಟ್‌ನಲ್ಲಿ ಹೋಗಿರುವುದು ಸರ್ವೇಸಾಮಾನ್ಯ. ಸಹಿ ಹಾಕುವ ಮೊದಲು ಇಬ್ಬರ ದಾರಿಯ ನಕ್ಷೆಯನ್ನೂ ಕೇಳಿ ಒಂದರ ಮೇಲೊಂದು ಇಟ್ಟು ನೋಡಿ. ಕ್ಯಾಂಪಸ್‌ಗೂ ಎರಡು ಬೇರೆ ಬೇರೆ ಕಡೆಯಿಂದ ಒಳಗೆ ಬರಲಿ. ಎರಡನೇ ಫೈಬರ್ ಸದ್ಯಕ್ಕೆ ಆಗಲೇ ಇಲ್ಲ ಅಂದರೆ ಮೈಕ್ರೋವೇವ್ ಲಿಂಕ್ ಆದರೂ ಇರಲಿ. ಕಡಿಮೆ ವೇಗವಾದರೂ ಪರೀಕ್ಷೆಯ ದಿನ ಕ್ಯಾಂಪಸ್ ಕತ್ತಲಲ್ಲಿ ಇರುವುದಿಲ್ಲ.

ಒಪ್ಪಂದದಲ್ಲಿ ಕೆಲವು ವಿಷಯ ಬಿಡಬೇಡಿ. ಫೈಬರ್ ಹಸ್ತಾಂತರದ ದಿನ ಪ್ರತಿ ಎಳೆಯ ಓಟಿಡಿಆರ್ (ಬೆಳಕಿನ ಮಿಡಿತ ಕಳಿಸಿ ಫೈಬರ್ ಅಳೆಯುವ) ಪರೀಕ್ಷೆಯ ವರದಿ ನಿಮ್ಮ ಕೈಗೆ ಬರಬೇಕು. ಅದರಲ್ಲಿ ಪ್ರತಿ ಜೋಡಣೆಯ ನಷ್ಟವೂ, ಅದು ಎಷ್ಟನೇ ಕಿಲೋಮೀಟರಿನಲ್ಲಿದೆ ಅನ್ನುವುದೂ ಇರುತ್ತದೆ. ಐದು ವರ್ಷದ ಮೇಲೆ ‘ಮೊದಲಿಂದಲೂ ಹೀಗೇ ಇತ್ತು’ ಅಂತ ಯಾರಾದರೂ ಹೇಳಿದಾಗ ಉತ್ತರ ಕೊಡಲು ಅದೇ ಆಧಾರ. ಕಡಿದರೆ ಎಷ್ಟು ಗಂಟೆಯಲ್ಲಿ ಸರಿ ಮಾಡಬೇಕು, ತಡವಾದರೆ ಏನು ಅಂತ ಬರೆದಿರಬೇಕು. ಆಂಪ್ಲಿಫೈಯರ್ ಕೊಠಡಿಗಳಿಗೆ ಯಾವ ಹೊತ್ತಿನಲ್ಲಾದರೂ ಹೋಗುವ ಹಕ್ಕು ಇರಬೇಕು. ಫೈಬರ್ ಮಾಲೀಕರು ಬದಲಾದರೂ ನಿಮ್ಮ ಹಕ್ಕು ಉಳಿಯಬೇಕು. ಪಕ್ಕದ ಆಸ್ಪತ್ರೆ, ಶಾಲೆಗಳ ಜೊತೆ ಹಂಚಿಕೊಳ್ಳಲು ಅಡ್ಡಿ ಇರಬಾರದು. ಈ ಕೊನೆಯ ಅಂಶ ಎಷ್ಟೋ ಒಪ್ಪಂದಗಳಲ್ಲಿ ಸಣ್ಣಕ್ಷರದಲ್ಲಿ ಸತ್ತುಹೋಗುತ್ತದೆ.

ಬಜೆಟ್‌ನಲ್ಲಿ ಒಬ್ಬ ನೆಟ್‌ವರ್ಕ್ ಎಂಜಿನಿಯರ್ ಹುದ್ದೆಯನ್ನೂ ಸೇರಿಸಿ, ಸಾಧ್ಯವಾದರೆ ಇಬ್ಬರದು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2012ರಿಂದ ಕ್ಯಾಂಪಸ್ ಜಾಲಗಳಿಗೆ ಅನುದಾನ ಕೊಡುತ್ತಾ ಬಂದಿದೆ. ಆ ಕಾರ್ಯಕ್ರಮ ಉಪಕರಣಗಳ ಜೊತೆಗೆ ಎಂಜಿನಿಯರ್‌ಗಳಿಗೂ, ಸಣ್ಣ ಸಂಸ್ಥೆಗಳು ಸೇರಿ ಪ್ರಾದೇಶಿಕವಾಗಿ ಮಾಡುವ ಯೋಜನೆಗಳಿಗೂ ಹಣ ಕೊಟ್ಟಿದೆ. ಪ್ರತಿ ವಿಶ್ವವಿದ್ಯಾಲಯಕ್ಕೂ ಒಬ್ಬ ಆಪ್ಟಿಕಲ್ ತಜ್ಞ ಸಿಗುವುದು ಕಷ್ಟ. ಸುತ್ತಲಿನ ಮೂರು ನಾಲ್ಕು ಸಂಸ್ಥೆಗಳು ಸೇರಿ ಒಬ್ಬರನ್ನು ಇಟ್ಟುಕೊಳ್ಳುವುದು ಸಾಧ್ಯ. ನಿಮ್ಮದೇ ಪದವೀಧರರಲ್ಲಿ ಆಸಕ್ತಿ ಇರುವವರನ್ನು ರಾಷ್ಟ್ರೀಯ ಜಾಲದ ಕಾರ್ಯಾಚರಣೆ ಕೇಂದ್ರಕ್ಕೆ ತರಬೇತಿಗೆ ಕಳಿಸಿ. ಊರಿನವರಾದರೆ ಊರಲ್ಲೇ ಉಳಿಯುವ ಸಾಧ್ಯತೆ ಜಾಸ್ತಿ.

ಮೊದಲ ಪತ್ರವನ್ನು ನಿಮ್ಮ ರಾಷ್ಟ್ರೀಯ ಸಂಶೋಧನಾ ಜಾಲಕ್ಕೇ ಬರೆಯಿರಿ. ಒಂದು ತಿಂಗಳ ಪರ್ಫ್‌ಸೋನಾರ್ ಗ್ರಾಫ್ ಜೊತೆಗಿರಲಿ. ವಿಭಾಗಗಳಿಂದ ಸಂಗ್ರಹಿಸಿದ ಪಟ್ಟಿ, ಖರ್ಚು ಹಂಚಿಕೊಳ್ಳಲು ಒಪ್ಪಿದ ಸ್ಥಳೀಯ ಸಂಸ್ಥೆಗಳ ಹೆಸರು, ಕ್ಯಾಂಪಸ್‌ಗೆ ಫೈಬರ್ ಒಳಬರಬಹುದಾದ ಎರಡು ಜಾಗಗಳ ಗುರುತು ಇವನ್ನೂ ಲಗತ್ತಿಸಿ. ನಿಮ್ಮಿಂದ ಐವತ್ತು ಕಿಲೋಮೀಟರ್ ಒಳಗೆ ಹಾದುಹೋಗುವ ವಿದ್ಯುತ್ ಗೋಪುರ ಸಾಲು, ರೈಲು ಹಳಿ, ಹೆದ್ದಾರಿಗಳನ್ನು ನಕ್ಷೆಯಲ್ಲಿ ಬರೆದು ಕೊಡಿ. ಅವುಗಳ ಪೈಕಿ ಯಾವುದರಲ್ಲಿ ಖಾಲಿ ಎಳೆಗಳಿವೆ ಅಂತ ವಿಚಾರಿಸಲು ಅವರಿಗೆ ನಿಮಗಿಂತ ಹೆಚ್ಚು ದಾರಿಗಳಿವೆ. ಉತ್ತರ ಬರುವ ಹೊತ್ತಿಗೆ ಕ್ಯಾಂಪಸ್ ಒಳಗಿನ ಫೈರ್‌ವಾಲ್ ಕೆಲಸ ಮುಗಿದಿದ್ದರೆ ಇನ್ನೂ ಒಳ್ಳೆಯದು.